ನಲವತ್ತು ಮಕ್ಕಳು, ಐದು ನಮೂನೆಯ ಪಟ: ಒಂದು ಆರ್ಡರಿನ ಪ್ರಕರಣ

ಬಾಗಲಕೋಟೆಯ ನವನಗರದಲ್ಲಿ ನಮ್ಮದೊಂದು ಸಣ್ಣ ಸ್ಟೇಶನರಿ ಅಂಗಡಿ. ವರ್ಷಪೂರ್ತಿ ನೋಟ್‌ಬುಕ್ಕು, ಪೆನ್ನು, ಬಣ್ಣದ ಪೆಟ್ಟಿಗೆ. ಕಾರಹುಣ್ಣಿಮೆ ಹತ್ತಿರ ಬಂತೆಂದರೆ ಗಾಳಿಪಟ. ಮಾವನವರ ಕಾಲಕ್ಕೆ ಅಂಗಡಿ ಹಳೇ ಊರಿನಲ್ಲಿತ್ತು. ಆಲಮಟ್ಟಿ ಹಿನ್ನೀರಿಗೆ ಆ ಓಣಿ ಹೋದ ಮೇಲೆ ಇಲ್ಲಿಗೆ ಬಂದೆವು. ಈಗ ಗಲ್ಲಾದಲ್ಲಿ ಕೂರುವವಳು ನಾನು. ಪಟದ ವಿಷಯದಲ್ಲಿ ಮಾತ್ರ ಕೊನೇ ಮಾತು ಇವತ್ತಿಗೂ ಮಾವನವರದು.

ಇಲ್ಲಿ ಬರೆಯುತ್ತಿರುವುದು ಒಂದೇ ಒಂದು ಆರ್ಡರಿನ ವಿಷಯ. ಹತ್ತಿರದ ಶಾಲೆಯೊಂದರ ಮೂರನೇ ಮತ್ತು ನಾಲ್ಕನೇ ಇಯತ್ತೆಯ ನಲವತ್ತು ಮಕ್ಕಳಿಗೆ ಪಟ ಕೊಡಬೇಕಿತ್ತು. ಬಹುತೇಕರು ಅದುವರೆಗೆ ಪಟದ ದಾರ ಹಿಡಿದವರೇ ಅಲ್ಲ. ಯಾವ ಕಂಪನಿಯದು ಒಳ್ಳೆಯದು ಎಂದು ನನ್ನನ್ನು ಕೇಳುವ ಗಿರಾಕಿಗಳು ಪ್ರತಿ ವರ್ಷ ಹೆಚ್ಚುತ್ತಿದ್ದಾರೆ. ನನ್ನಂಥ ಸಣ್ಣ ಅಂಗಡಿಯವರಿಗೂ ಇದೇ ಪ್ರಶ್ನೆ ಇರುತ್ತದೆ ಎಂದುಕೊಂಡು ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಹಿಂದಿನ ವರ್ಷ ಆದದ್ದು

ಹಿಂದಿನ ವರ್ಷ ಅದೇ ಶಾಲೆಯ ಪಿಟಿ ಸರ್ ಬಂದು ಮೂವತ್ತಾರು ಪಟ ಒಯ್ದಿದ್ದರು. ಹೋಲ್‌ಸೇಲಿನಲ್ಲಿ ತಂದ ಕಾಗದದ ಪತಂಗ. ತೆಳು ಹಾಳೆ, ಎರಡೆರಡು ಬಣ್ಣ, ನೋಡಿದರೆ ಕಣ್ಣು ತುಂಬುವಂಥವು. ಒಂದಕ್ಕೆ ಹತ್ತು ರೂಪಾಯಿ. ಮಕ್ಕಳು ಹಾರಿಸುವುದನ್ನು ನೋಡಬೇಕೆಂದು ಅಂಗಡಿಯಲ್ಲಿ ಮಗನನ್ನು ಕೂರಿಸಿ ನಾನೂ ಮೈದಾನಕ್ಕೆ ಹೋಗಿದ್ದೆ.

ಅರ್ಧ ತಾಸಿನಲ್ಲಿ ಮೇಲೆ ನಿಂತದ್ದು ನಾಲ್ಕು ಪಟ. ನಾಲ್ಕೂ ಮನೆಯಲ್ಲಿ ಅಣ್ಣಂದಿರ ಜೊತೆ ಮಾಳಿಗೆ ಮೇಲೆ ಹಾರಿಸಿ ಕಲಿತ ಹುಡುಗರವು. ಉಳಿದ ಮಕ್ಕಳು ದಾರ ಹಿಡಿದು ಓಡಿದರು, ಬಿದ್ದರು, ಮತ್ತೆ ಓಡಿದರು. ಪಟಗಳು ಅವರ ಹಿಂದೆ ನೆಲ ಸವರುತ್ತಾ ಹರಿದವು. ಮೂರನೇ ಇಯತ್ತೆಯ ಒಬ್ಬಳು ಹುಡುಗಿ ಹರಿದ ಪಟ ಎರಡೂ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದಳು. "ನಂದು ಮ್ಯಾಲ ಹೋಗವಲ್ದ್ರಿ ಆಂಟಿ, ಸುತ್ತ ಹಾಕಿ ಬೀಳ್ತೈತಿ" ಎಂದಳು. ಅಳಲಿಲ್ಲ. ತಾನೇ ಏನೋ ತಪ್ಪು ಮಾಡಿದೆ ಎನ್ನುವ ಮುಖ ಮಾಡಿಕೊಂಡು ನಿಂತಿದ್ದಳು. ಪಿಟಿ ಸರ್ ಒಂದು ಮಾತೂ ಆಡದೆ ಮುನ್ನೂರ ಅರವತ್ತು ರೂಪಾಯಿ ಎಣಿಸಿ ಕೊಟ್ಟರು. ಬೈದಿದ್ದರೆ ಸಮಾಧಾನವಿರುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ಮಾವನವರಿಗೆ ಹೇಳಿದೆ. ಅವರು ರೊಟ್ಟಿ ಮುರಿಯುತ್ತಾ, "ಪಟದ ತಪ್ಪಲ್ಲವ್ವಾ ಅದು. ಕರಿ ಹರಿಯೋ ಹೋರಿ ತಂದು ರಂಟಿಗೆ ಹೂಡಿದಂಗ ಆಗೈತಿ" ಎಂದರು.

ಓಟದ ಹೋರಿಯನ್ನು ನೇಗಿಲಿಗೆ ಕಟ್ಟಿದಂತಾಯಿತು ಎಂಬ ಆ ಮಾತಿನ ಅರ್ಥ ಮರುದಿನ ಮಾಳಿಗೆ ಮೇಲೆ ತೋರಿಸಿದರು. ಬಾಲವಿಲ್ಲದ ಈ ಕಾಗದದ ಪತಂಗ ಪೇಂಚ್ ಹಾಕಲೆಂದೇ, ಅಂದರೆ ಇನ್ನೊಬ್ಬರ ಪಟದ ದಾರ ಕೊಯ್ಯುವ ಆಟಕ್ಕೆಂದೇ ಹುಟ್ಟಿದ್ದು. ದಾರ ಸಡಿಲ ಬಿಟ್ಟರೆ ಚಪ್ಪಟೆಯಾಗಿ ತನ್ನ ಸುತ್ತ ತಾನೇ ತಿರುಗುತ್ತದೆ. ದಾರ ಎಳೆದರೆ ಬಿಲ್ಲುಕಡ್ಡಿ ಹಿಂದಕ್ಕೆ ಬಾಗಿ, ಮೂಗು ಆ ಕ್ಷಣಕ್ಕೆ ಎತ್ತ ಇದೆಯೋ ಅತ್ತ ಬಾಣದಂತೆ ಹೋಗುತ್ತದೆ. ಪಳಗಿದವನು ಮೂಗು ಮೇಲೆ ಬರುವ ತನಕ ಸಡಿಲ ಬಿಟ್ಟು ಆಗ ಎಳೆಯುತ್ತಾನೆ. ಹೊಸಬ ಏನು ಮಾಡುತ್ತಾನೆ? ಪಟ ಕೆಳಗೆ ಬರುತ್ತಿದೆ ಎಂದು ಗಾಬರಿಯಾಗಿ ಜಗ್ಗುತ್ತಾನೆ. ಮೂಗು ನೆಲದ ಕಡೆಗಿರುತ್ತದೆ. ಜಗ್ಗಿದಷ್ಟೂ ಜೋರಾಗಿ ಗೋತಾ ಹೊಡೆದು ನೆಲಕ್ಕೆ ಬಡಿಯುತ್ತದೆ. ಮಕ್ಕಳು ಸರಿ ಎಂದು ತಿಳಿದು ಮಾಡಿದ ಪ್ರತಿಯೊಂದೂ ಆ ಪಟಕ್ಕೆ ತಪ್ಪು ಹುಕುಂ ಆಗಿತ್ತು.

ಇನ್ನೊಂದು ಕಾರಣವೂ ಇತ್ತು. ಅದನ್ನು ಬಿಟ್ಟರೆ ಪಟಕ್ಕೆ ಅನ್ಯಾಯವಾಗುತ್ತದೆ. ಜ್ಯೇಷ್ಠದಲ್ಲಿ ನಮ್ಮಲ್ಲಿ ಗಾಳಿ ಪಡುವಣದಿಂದ ಬರುತ್ತದೆ. ಆ ಮೈದಾನದ ಪಡುವಣಕ್ಕೇ ಮೂರಂತಸ್ತಿನ ಶಾಲೆ ಕಟ್ಟಡ. ಕಟ್ಟಡ ದಾಟಿ ಬಂದ ಗಾಳಿ ಅದರ ಎತ್ತರದ ಐದಾರು ಪಟ್ಟು ದೂರ ಹೋಗುವ ತನಕ ಸುಳಿ ಸುಳಿಯಾಗೇ ಇರುತ್ತದೆ. ಮಕ್ಕಳು ನಿಂತದ್ದು ಆ ಸುಳಿಯೊಳಗೆ.

ಈ ವರ್ಷದ ಕೆಲಸ

ಈ ಸಲ ಶಾಲೆ ಶುರುವಾದ ವಾರದಲ್ಲೇ ಪಿಟಿ ಸರ್ ಬಂದರು. ಬೇರೆ ಅಂಗಡಿಗೆ ಹೋಗಬಹುದಿತ್ತು, ನನ್ನ ಹತ್ತಿರವೇ ಬಂದರು. "ಅಕ್ಕಾರ, ಈ ಸಲ ನಲವತ್ತು ಮಂದಿ. ಒಬ್ಬೊಬ್ಬರಿಗೆ ನೂರು ರೂಪಾಯಿ ತನಕ ಆಗ್ತೈತ್ರಿ, ದಾರಾ ಹಿಡದು. ಎಲ್ಲಾರದೂ ಮ್ಯಾಲ ಹೋಗಬೇಕ್ರಿ" ಎಂದರು. ಕಾರಹುಣ್ಣಿಮೆಯ ಹಿಂದಿನ ಶನಿವಾರ, ಅಂದರೆ ಎರಡು ವಾರ ಸಮಯ.

ನಾನು ಐದು ನಮೂನೆ ಒಟ್ಟುಗೂಡಿಸಿದೆ. ಅದೇ ಕಾಗದದ ಪತಂಗ, ಆದರೆ ಬಾಲಂಗೋಚಿ ಕಟ್ಟಿ. ಎರಡನೆಯದು ಹೋಲ್‌ಸೇಲಿನಲ್ಲಿ ಸಿಗುವ, ಪ್ಲಾಸ್ಟಿಕ್ ಹಾಳೆಯ ಮೇಲೆ ಹದ್ದು, ಚಿಟ್ಟೆ, ಕಾರ್ಟೂನು ಅಚ್ಚಾದ ತ್ರಿಕೋನದ ಪಟ. ಡೆಲ್ಟಾ ಎನ್ನುತ್ತಾರೆ. ಅದರ ಮೇಲೆ ಕಂಪನಿ ಹೆಸರೇ ಇರುವುದಿಲ್ಲ, ಇದ್ದರೂ ಪ್ರತಿ ಲಾಟಿಗೆ ಬೇರೆ. ಮೂರನೆಯದು ಆನ್‌ಲೈನಿನಲ್ಲಿ ತರಿಸಿದ ಡೆಕಾಥ್ಲಾನ್‌ನ ಓರಾವ್, ಒಂದೇ ದಾರದ್ದು. ನಾಲ್ಕನೆಯ ಗುಂಪಿನಲ್ಲಿ ವಿದೇಶದ ಎರಡು: ಅಮೆರಿಕದ ಸಿಯಾಟಲ್‌ನಲ್ಲಿ 1992ರಲ್ಲಿ ಶುರುವಾದ ಪ್ರಿಸಮ್ ಕಂಪನಿಯ ಡೆಲ್ಟಾ, ಮತ್ತು ಜರ್ಮನಿಯ ಇನ್ವೆಂಟೋದವರ ಎಚ್‌ಕ್ಯೂ ಹೆಸರಿನ ಎಡ್ಡಿ ಪಟ. ಇವೆರಡನ್ನೂ ಪುಣೆಯಲ್ಲಿರುವ ನನ್ನ ತಮ್ಮ ತನ್ನ ಮಕ್ಕಳಿಗೆಂದು ಕೊಂಡಿದ್ದ, ಎರಡು ವಾರಕ್ಕೆ ಕಡ ಕೊಟ್ಟ. ಐದನೆಯದು ಮಾವನವರು ಮನೆಯಲ್ಲಿ ಕಟ್ಟಿದ ಪಟ.

ಪರೀಕ್ಷೆಗೆ ನಮ್ಮ ಓಣಿಯ ಆರು ಮಕ್ಕಳನ್ನು ಕರೆದೆ. ಯಾರಿಗೂ ಹಾರಿಸಲು ಬರಬಾರದು, ಅದೊಂದೇ ಷರತ್ತು. ಮೂರು ಸಂಗತಿ ಬರೆದಿಟ್ಟುಕೊಂಡೆ. ಎಷ್ಟನೇ ಯತ್ನಕ್ಕೆ ಏಳುತ್ತದೆ. ಬಿದ್ದ ಮೇಲೆ ಮತ್ತೆ ಏಳುತ್ತದೆಯೇ. ಮುರಿದದ್ದನ್ನು ನಾನು ಗಲ್ಲಾದ ಮೇಲೆ ಐದು ನಿಮಿಷದಲ್ಲಿ ರಿಪೇರಿ ಮಾಡಬಲ್ಲೆನೇ. ಇವುಗಳಲ್ಲಿ ಎರಡನೆಯದೇ ಮುಖ್ಯ ಎಂದು ಆಗಲೂ ಅನಿಸಿತ್ತು, ಈಗ ಇನ್ನೂ ಖಾತ್ರಿಯಾಗಿದೆ. ಕಲಿಯುವವನ ಪಟ ಬಿದ್ದೇ ಬೀಳುತ್ತದೆ. ಒಮ್ಮೆ ಬಿದ್ದರೆ ಆಟ ಮುಗಿಯುವ ಪಟವನ್ನು ಎಷ್ಟೇ ಸೋವಿಯಾಗಿ ಕೊಟ್ಟರೂ ಅದು ತುಟ್ಟಿಯೇ.

ಗಾಳಿಯನ್ನೂ ಅಳೆಯಬೇಕಿತ್ತು. ಇದಕ್ಕೆ ಎಚ್‌ಕ್ಯೂ ಪೊಟ್ಟಣವೇ ದಾರಿ ತೋರಿಸಿತು. ಎಷ್ಟು ವಯಸ್ಸಿನವರಿಗೆ, ಎಷ್ಟು ಗಾಳಿಗೆ ಎಂದು ಅದರ ಮೇಲೆ ಅಚ್ಚು ಹಾಕಿರುತ್ತಾರೆ. ಗಾಳಿಯ ಲೆಕ್ಕ ಬ್ಯೂಫೋರ್ಟ್ ಅಂಕಿಯಲ್ಲಿ. 1805ರಲ್ಲಿ ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್ ಮಾಡಿದ ಅಳತೆ ಅದು, ಯಂತ್ರ ಬೇಕಿಲ್ಲ, ಕಣ್ಣು ಸಾಕು. ಎಲೆ ಮತ್ತು ಸಣ್ಣ ಟೊಂಗೆ ಒಂದೇ ಸಮ ಅಲುಗಾಡುತ್ತಿದ್ದರೆ ಮೂರು, ತಾಸಿಗೆ 12ರಿಂದ 19 ಕಿಲೋಮೀಟರ್. ಧೂಳು, ಕಾಗದದ ಚೂರು ಏಳತೊಡಗಿದರೆ ನಾಲ್ಕು, 20ರಿಂದ 28. ನಮ್ಮ ಅಂಗಡಿ ಎದುರಿನ ಬೇವಿನ ಗಿಡ ನೋಡಿ ದಿನಾಲೂ ಅಂಕಿ ಬರೆದಿಟ್ಟೆ. ಸಂಜೆ ನಾಲ್ಕರ ಮೇಲೆ ಹೆಚ್ಚು ದಿನ ಮೂರು, ಮೋಡ ಕವಿದಾಗ ನಾಲ್ಕು. ನಮ್ಮ ಹೋಲ್‌ಸೇಲ್ ಪಟಗಳ ಮೇಲೆ ಈ ಒಂದು ಸಾಲು ಅಚ್ಚು ಹಾಕಿದರೆ ಎಷ್ಟು ಮಕ್ಕಳ ಸಂಜೆ ಉಳಿಯುತ್ತದೆ.

ಐದರ ಹಣೆಬರಹ

ಕಾಗದದ ಪತಂಗಕ್ಕೆ ಬಾಲ ಕಟ್ಟಿದ ಮೇಲೆ ತಿರುಗುವುದು ನಿಂತಿತು. ಎರಡು ಮೂರನೇ ಯತ್ನಕ್ಕೆ ಎದ್ದಿತು. ಆದರೆ ಮೊದಲ ಸಲ ಬಿದ್ದಾಗಲೇ ಜಾಲಿ ಮುಳ್ಳಿಗೆ ಸಿಕ್ಕಿ ಹರಿಯಿತು. ಅಷ್ಟರಲ್ಲಿ ಮಿರಗದ ಮಳೆಯೂ ಹೊಕ್ಕಿತ್ತು. ನಾಲ್ಕು ಹನಿ ಬಿದ್ದರೆ ಆ ಹಾಳೆಯ ಕಥೆ ಮುಗಿಯಿತು.

ಪ್ರಿಸಮ್ ಡೆಲ್ಟಾ ಕೈಗೆತ್ತಿಕೊಂಡಾಗಲೇ ಬೇರೆ ಅನಿಸುತ್ತದೆ. ರಿಪ್‌ಸ್ಟಾಪ್ ಬಟ್ಟೆ, ಅಂದರೆ ನಡುನಡುವೆ ದಪ್ಪ ಎಳೆ ಚೌಕಚೌಕವಾಗಿ ನೇಯ್ದಿರುವುದರಿಂದ ತೂತು ಬಿದ್ದರೂ ಹರಿಯುತ್ತಾ ಹೋಗುವುದಿಲ್ಲ. ರೆಕ್ಕೆಯ ತುದಿಯ ಜೇಬನ್ನು ಎರಡು ಪದರ ಗಟ್ಟಿ ಬಟ್ಟೆ ಹಾಕಿ ಹೊಲಿದಿದ್ದಾರೆ. ಆರೂ ಮಕ್ಕಳೂ ಮೊದಲ ಯತ್ನಕ್ಕೇ ಏರಿಸಿದರು. ಏಳು ವರ್ಷದ ಪಕ್ಕದ ಮನೆಯ ಹುಡುಗ ದಾರ ಕೈಯಲ್ಲಿ ಹಿಡಿದು ಪೂರ್ತಿ ಕಾಲು ತಾಸು ಬಾಯಿ ತೆರೆದುಕೊಂಡೇ ನಿಂತಿದ್ದ. ಡೆಲ್ಟಾದ ಗುಟ್ಟು ಸರಳ. ಹೊಟ್ಟೆಯ ಕೆಳಗೆ ಹೊಲಿದ ಸಣ್ಣ ತ್ರಿಕೋನದ ಬಟ್ಟೆಯೇ ಅದಕ್ಕೆ ಸೂತ್ರ, ಅಂದರೆ ಪಟವನ್ನು ದಾರಕ್ಕೆ ಜೋಡಿಸುವ ಕಟ್ಟು. ಕಟ್ಟುವ ರಗಳೆ ಇಲ್ಲ, ತೂತಿಗೆ ದಾರ ಪೋಣಿಸಿ ಗಂಟು ಹಾಕಿದರೆ ಆಯಿತು. ಹೊಸಬರ ಪಟ ಅರ್ಧಕ್ಕರ್ಧ ಹಾಳಾಗುವುದೇ ಸೂತ್ರ ತಪ್ಪಿ. ಇಲ್ಲಿ ತಪ್ಪಲು ಸೂತ್ರವೇ ಇಲ್ಲ.

ಎಚ್‌ಕ್ಯೂ ಎಡ್ಡಿ ನೋಡಿ ಮಾವನವರು ನಕ್ಕರು. "ಇದು ನಮ್ಮ ಪಟಾನ ಅಲ್ಲೇನವ್ವಾ!" ಆಕಾರ ವಜ್ರದಂತೆ, ಅಡ್ಡಕಡ್ಡಿ ಹಿಂದಕ್ಕೆ ಬಾಗಿದೆ. 1890ರ ದಶಕದಲ್ಲಿ ಅಮೆರಿಕದ ವಿಲಿಯಂ ಎಡ್ಡಿ ಎಂಬ ಪತ್ರಕರ್ತರು ಮಲಯ ಸೀಮೆಯ ಪಟಗಳನ್ನು ಅನುಸರಿಸಿ ಹೀಗೆ ಬಾಗಿಸಿ, ಬಾಲವಿಲ್ಲದೆಯೂ ನೆಟ್ಟಗೆ ನಿಲ್ಲುವ ಪಟ ಮಾಡಿದರು. ಅದಕ್ಕೇ ಆ ಹೆಸರು. ಮಾವನವರು ಅಡ್ಡಕಡ್ಡಿಯ ಎರಡು ತುದಿಗೆ ದಾರ ಬಿಗಿದು ಬೆನ್ನ ಕಡೆ ಬಾಗಿಸುವುದು ನಾನು ಮದುವೆಯಾಗಿ ಬಂದ ವರ್ಷದಿಂದ ನೋಡಿದ್ದೇನೆ. ಎರಡು ರೆಕ್ಕೆ ಹಿಂದಕ್ಕೆ ಬಾಗಿದ್ದರೆ ಪಟ ಒಂದು ಕಡೆ ವಾಲಿದಾಗ ಆ ಕಡೆಯ ರೆಕ್ಕೆಗೇ ಗಾಳಿ ಹೆಚ್ಚು ಸಿಕ್ಕು ಮತ್ತೆ ನೆಟ್ಟಗಾಗುತ್ತದೆ. ಚಪ್ಪಟೆ ಪಟಕ್ಕೆ ಆ ಕೆಲಸ ಬಾಲಂಗೋಚಿ ಮಾಡಬೇಕು. ಎಡ್ಡಿಯೂ ಚೆನ್ನಾಗಿ ಹಾರಿತು.

ಓರಾವ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಳ್ಳೆಯ ಪಟ, ಎರಡನೇ ಯತ್ನಕ್ಕೆ ಎಲ್ಲರಿಗೂ ಎದ್ದಿತು. ಒಂದು ಎಚ್ಚರಿಕೆ ಮಾತ್ರ. ಇಂಥ ಬ್ರ್ಯಾಂಡ್‌ಗಳಲ್ಲಿ ಒಂದು ದಾರದ್ದೂ ಸಿಗುತ್ತದೆ, ಎರಡು ದಾರದ್ದೂ ಸಿಗುತ್ತದೆ. ಎರಡು ದಾರದ್ದು ಕಸರತ್ತಿನ ಪಟ. ಫೋಟೋದಲ್ಲಿ ಅದೇ ಚಂದ ಕಾಣುವುದರಿಂದ ತಂದೆ ತಾಯಂದಿರು ಅದನ್ನೇ ಆರಿಸುತ್ತಾರೆ. ಎಂಟು ವರ್ಷದ ಮಗುವಿಗೆ ಅದು ಆಗದ ಕೆಲಸ. ನಾನೂ ಎರಡು ವರ್ಷದ ಹಿಂದೆ ಮೂರು ತರಿಸಿದ್ದೆ. ಮೂರೂ ಮೇಲಿನ ಕಪಾಟಿನಲ್ಲಿ ಧೂಳು ತಿನ್ನುತ್ತಿವೆ.

ಹಾರುವುದರಲ್ಲಿ ವಿದೇಶದ ಎರಡೇ ಮೇಲು, ಅನುಮಾನವೇ ಇಲ್ಲ. "ಎಲ್ಲಾ ಒಂದೇ, ಹೆಸರಿಗೆ ರೊಕ್ಕ" ಎನ್ನುವ ವ್ಯಾಪಾರಿಗಳಿದ್ದಾರೆ, ಅವರ ಮಾತು ನಾನು ಒಪ್ಪುವುದಿಲ್ಲ. ಆ ರೊಕ್ಕ ಹೋಗಿರುವುದು ಹೊಲಿಗೆಗೆ, ಸಮತೂಕದ ಕಡ್ಡಿಗೆ, ಪೊಟ್ಟಣದ ಮೇಲಿನ ಆ ಗಾಳಿಯ ಅಂಕಿಗೆ. ಆದರೆ ನೂರು ರೂಪಾಯಿಯೊಳಗೆ ಅವು ಬರುವುದಿಲ್ಲ, ಹತ್ತಿರಕ್ಕೂ ಬರುವುದಿಲ್ಲ. ಮಾವನವರ ಪಟ ಹಾರಿತು, ಚೆನ್ನಾಗಿಯೇ ಹಾರಿತು. ಅವರ ಕೈಗೆ ಈಗ ದಿನಕ್ಕೆ ಎರಡಕ್ಕಿಂತ ಹೆಚ್ಚು ಆಗುವುದಿಲ್ಲ, ಮಳೆಯೂ ಅದಕ್ಕೆ ವೈರಿ.

ಉಳಿದದ್ದು ಹೆಸರಿಲ್ಲದ ಪ್ಲಾಸ್ಟಿಕ್ ಡೆಲ್ಟಾ. ಅದರ ಪರೀಕ್ಷೆಯಲ್ಲಿ ಒಂದು ವಿಚಿತ್ರ ಕಂಡೆ. ಒಂದೇ ಬಂಡಲಿನ ಮೂರು ಪಟ ತೆಗೆದಿದ್ದೆ. ಒಂದು ಪ್ರಿಸಮ್‌ಗೆ ಸಾಟಿಯಾಗಿ ಏರಿತು. ಇನ್ನೊಂದು ಎಷ್ಟು ಯತ್ನಿಸಿದರೂ ಎಡಕ್ಕೆ ವಾಲಿ ವಾಲಿ ಬಿತ್ತು. ಮೂರನೆಯದರ ಕಡ್ಡಿ ಮೊದಲ ಪೆಟ್ಟಿಗೇ ರೆಕ್ಕೆಯ ತುದಿ ಹರಿದುಕೊಂಡು ಹೊರಗೆ ಬಂತು. ಹಾಗಾದರೆ ಆಕಾರ ಸರಿಯಿದೆ, ಕೈಕೆಲಸ ಸರಿಯಿಲ್ಲ. ಆಕಾರ ನಾನು ಮಾಡಲಾರೆ. ಕೈಕೆಲಸ ಮಾಡಬಲ್ಲೆ.

ಎಂಬತ್ತೆಂಟು ಕಡ್ಡಿ ಮತ್ತು ಒಂದು ಬೀಗದ ಕೈ

ನಲವತ್ತನಾಲ್ಕು ಪಟ ತರಿಸಿದೆ, ನಾಲ್ಕು ಕಷ್ಟಕಾಲಕ್ಕೆ. ಬಂದ ರಾತ್ರಿ ಎಲ್ಲದರ ರೆಕ್ಕೆಯ ಕಡ್ಡಿ ಹೊರಗೆಳೆದೆವು. ಪ್ರತಿ ಪಟಕ್ಕೆ ಎರಡು ರೆಕ್ಕೆಕಡ್ಡಿ, ಒಟ್ಟು ಎಂಬತ್ತೆಂಟು. ನೋಡಲು ಎಲ್ಲಾ ಒಂದೇ, ಫೈಬರಿನ ತೆಳು ಸಲಾಕೆ. ಮಾವನವರು ಒಂದೊಂದನ್ನೂ ಮೇಜಿನ ಅಂಚಿಗೆ ಇಟ್ಟು, ಒಂದು ಮೊಳ ಹೊರಗೆ ಚಾಚಿ, ತುದಿಗೆ ಅಂಗಡಿಯ ಬೀಗದ ಕೈ ತೂಗುಬಿಟ್ಟರು. ಪಕ್ಕದ ಗೋಡೆಗೆ ನಾನು ಸ್ಕೇಲು ಹಿಡಿದೆ. ಕೆಲವು ಎರಡು ಬೆರಳಷ್ಟು ಬಾಗಿದವು, ಕೆಲವು ನಾಲ್ಕು ಬೆರಳು. ಒಂದೇ ಪಟದೊಳಗೆ ಎಡದ ಕಡ್ಡಿ ಮೆತ್ತಗೆ, ಬಲದ್ದು ಬಿರುಸು ಇದ್ದರೆ, ಗಾಳಿ ತುಂಬಿದಾಗ ಮೆತ್ತನೆಯ ರೆಕ್ಕೆ ಹೆಚ್ಚು ಬಾಗಿ ಪಟ ಆ ಕಡೆಗೇ ವಾಲುತ್ತದೆ. ಎಡಕ್ಕೆ ಬೀಳುತ್ತಿದ್ದ ಪಟದ ರೋಗ ಇದೇ.

ಬಾಗುವ ಲೆಕ್ಕದ ಮೇಲೆ ಕಡ್ಡಿಗಳನ್ನು ನಾಲ್ಕು ಗುಂಪು ಮಾಡಿ, ಸಮನಾದವನ್ನು ಜೋಡಿ ಹಾಕಿ ಮತ್ತೆ ಪಟಗಳಿಗೆ ತುಂಬಿದೆವು. ರಾತ್ರಿ ಹನ್ನೊಂದೂವರೆಯಾಯಿತು. ಮರುದಿನ ವಾಲುತ್ತಿದ್ದ ಆ ಪಟವನ್ನೇ ಮೊದಲು ಹಾರಿಸಿದೆವು. ಕಂಬ ನೆಟ್ಟ ಹಾಗೆ ನಿಂತಿತು. ಎಪ್ಪತ್ತೆಂಟು ವರ್ಷದ ಮಾವನವರು ಚಪ್ಪಾಳೆ ತಟ್ಟಿದರು.

ರೆಕ್ಕೆಯ ತುದಿಗೆ ಪಕ್ಕದ ಟೇಲರ್ ಅಂಗಡಿಯ ಅಕ್ಕ ಗಟ್ಟಿ ಬಟ್ಟೆಯ ಹೆಬ್ಬೆರಳಗಲದ ತುಂಡು ಇಟ್ಟು ಹೊಲಿಗೆ ಹಾಕಿಕೊಟ್ಟಳು. ಬಾಲಕ್ಕೆಂದು ಗುಳೇದಗುಡ್ಡದ ಖಣದ ಚಿಂದಿಯನ್ನೂ ಕೊಟ್ಟಳು. ಎಷ್ಟು ಚಂದವಿದ್ದವೆಂದರೆ ಕಟ್ಟದೆ ಇರಲು ಮನಸ್ಸಾಗಲಿಲ್ಲ. ಕಟ್ಟಿ ನೋಡಿದರೆ ಭಾರ, ಪಟದ ಹಿಂಭಾಗ ಜೋತುಬಿತ್ತು. ಕೊನೆಗೆ ಲೈನಿಂಗ್ ಬಟ್ಟೆಯ ಎರಡು ಬೆರಳಗಲದ ಪಟ್ಟಿಯೇ ಸರಿಹೋಯಿತು. ಡೆಲ್ಟಾಕ್ಕೆ ಬಾಲ ಬೇಕೇಬೇಕೆಂದಿಲ್ಲ, ಆದರೆ ಗಾಳಿ ನಾಲ್ಕಕ್ಕೆ ಏರಿದಾಗ ಮಕ್ಕಳ ಕೈಗೆ ಅದೊಂದು ಆಸರೆ.

ದಾರದ ಮಾತು

ಈ ವಿಷಯದಲ್ಲಿ ನಾನು ಗಟ್ಟಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲಿ ನೈಲಾನ್ ಹಾಗೂ ಬೇರೆ ಸಿಂಥೆಟಿಕ್ ಮಾಂಜಾ ದಾರವನ್ನು, ಅಂದರೆ ಪೇಂಚಿನಲ್ಲಿ ಕೊಯ್ಯುವ ದಾರವನ್ನು, ದೇಶದಾದ್ಯಂತ ನಿಷೇಧಿಸಿದೆ. ತಯಾರಿಸುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಮಾರುವಂತಿಲ್ಲ. ಬೈಕಿನವರ ಕುತ್ತಿಗೆ ಕೊಯ್ದದ್ದು, ಬೆಳ್ಳಕ್ಕಿಯ ರೆಕ್ಕೆಗೆ ಸಿಕ್ಕದ್ದು ಎಲ್ಲರೂ ಕೇಳಿದ್ದೇವೆ. ಆದರೆ ಹೊಸಬರ ಪಟದ ಪೊಟ್ಟಣದೊಳಗೆ ಏನಿರುತ್ತದೆ ಎಂದು ಯಾರೂ ಬಿಚ್ಚಿ ನೋಡುವುದಿಲ್ಲ. ಸೋವಿ ಡೆಲ್ಟಾದ ಜೊತೆ ಪ್ಲಾಸ್ಟಿಕ್ ಹಿಡಿಕೆಗೆ ಸುತ್ತಿದ ತೆಳು ನೈಲಾನ್ ಎಳೆ ಬಂದಿತ್ತು. ತುಟ್ಟಿ ಪಟಗಳ ಜೊತೆಗೂ ಬರುವುದು ಸಿಂಥೆಟಿಕ್ ದಾರವೇ. ಅದಕ್ಕೆ ಗಾಜು ಸವರಿಲ್ಲ, ನಿಜ. ಆದರೂ ತುಂಡಾಗಿ ಗಿಡಕ್ಕೆ ಸಿಕ್ಕಿಕೊಂಡ ಎಳೆ ವರ್ಷಗಟ್ಟಲೆ ಕೊಳೆಯದೆ ಅಲ್ಲೇ ತೂಗುತ್ತದೆ. ನಲವತ್ತೂ ಹಿಡಿಕೆ ತೆಗೆದಿಟ್ಟು, ಒಂಬತ್ತು ಎಳೆಯ ಸಾದಾ ಹತ್ತಿ ದಾರ ಕೊಟ್ಟೆ. ತಲಾ ನಲವತ್ತು ಮೀಟರ್, ಅದಕ್ಕಿಂತ ಹೆಚ್ಚಿಲ್ಲ.

ಹಿಡಿಕೆಗೆ ಪ್ಲಂಬರ್ ಹತ್ತಿರ ಉಳಿದ ಪಿವಿಸಿ ಪೈಪನ್ನು ಗೇಣುದ್ದ ಕೊಯ್ಸಿಕೊಂಡೆ. ನಡುವೆ ತೂತು, ತೂತಿನೊಳಗೆ ದಾರದ ಕೊನೆ ತೂರಿಸಿ ಗಂಟು. ಮಗು ದಾರ ಬಿಡುತ್ತಾ ಬಿಡುತ್ತಾ ಕೊನೆ ಮುಟ್ಟಿದ್ದು ಗೊತ್ತಾಗದೆ ಪಟ ಕಳೆದುಕೊಳ್ಳಬಾರದು ನೋಡಿ.

ಲೆಕ್ಕ ಹೀಗೆ. ಪಟ 42 ರೂಪಾಯಿ, ದಾರ 14, ಪೈಪು 4. ಒಟ್ಟು 60. ಟೇಲರ್ ಅಕ್ಕನಿಗೆ ಪಟಕ್ಕೆ ಮೂರರಂತೆ ಕೊಟ್ಟೆ. 90ಕ್ಕೆ ಕೊಟ್ಟಾಗ ಒಂದರ ಮೇಲೆ 27 ರೂಪಾಯಿ. ನಲವತ್ತಕ್ಕೆ ಸಾವಿರದ ಎಂಬತ್ತು, ಅದರಲ್ಲಿ ಹೆಚ್ಚುವರಿ ನಾಲ್ಕು ಪಟದ ಖರ್ಚು ಕಳೆಯಬೇಕು. ಎರಡು ರಾತ್ರಿಯ ನಿದ್ದೆಗೆ ಕೂಲಿ ಹಿಡಿದಿಲ್ಲ. ಕಾಗದದ ಪತಂಗ ಆರಕ್ಕೆ ತಂದು ಹತ್ತಕ್ಕೆ ಮಾರಿದ ಹಿಂದಿನ ವರ್ಷ ಒಟ್ಟು ಲಾಭ 144 ರೂಪಾಯಿ ಆಗಿತ್ತು.

ಆ ಶನಿವಾರ

ಪಿಟಿ ಸರ್‌ಗೆ ಮೊದಲೇ ಹೇಳಿದ್ದೆ: ಶಾಲೆಯ ಮೈದಾನ ಬೇಡ. ಪಕ್ಕದ ಸೆಕ್ಟರಿನಲ್ಲಿ ಇನ್ನೂ ಮನೆ ಏಳದ ಖಾಲಿ ಜಾಗವಿದೆ. ಪಡುವಣಕ್ಕೆ ಬಯಲು, ಕರೆಂಟಿನ ತಂತಿ ದೂರ. ನವನಗರದಲ್ಲಿ ಇಂಥ ಜಾಗ ಇನ್ನೂ ಉಳಿದಿರುವುದು ನಮ್ಮ ಪುಣ್ಯ.

ಇಬ್ಬಿಬ್ಬರ ಜೋಡಿ ಮಾಡಿದೆವು. ಒಬ್ಬರು ದಾರ ಹಿಡಿದು ಗಾಳಿಗೆ ಬೆನ್ನು ಮಾಡಿ ನಿಲ್ಲಬೇಕು. ಇನ್ನೊಬ್ಬರು ಹದಿನೈದು ಹೆಜ್ಜೆ ಮುಂದೆ ಹೋಗಿ ಪಟ ತಲೆಯ ಮೇಲೆ ಎತ್ತಿ ಹಿಡಿಯಬೇಕು. ಗಾಳಿ ಮುಖಕ್ಕೆ ಬಡಿದಾಗ ಬಿಡಬೇಕು. "ಯಾರೂ ಓಡಬ್ಯಾಡ್ರಿ" ಎಂದು ಮಾವನವರು ಕೋಲೂರಿ ನಿಂತು ಹತ್ತು ಸಲವಾದರೂ ಹೇಳಿರಬೇಕು.

ಮೊದಲ ಸರದಿಯ ಇಪ್ಪತ್ತರಲ್ಲಿ ಹದಿನೇಳು ಎದ್ದವು. ಮೂರು ಏಳಲಿಲ್ಲ. ಒಂದರಲ್ಲಿ ದಾರವನ್ನು ಬೇರೆ ತೂತಿಗೆ ಕಟ್ಟಿದ್ದರು, ಒಂದರ ಅಡ್ಡಕಡ್ಡಿ ಕೊಳವೆಯಿಂದ ಜಾರಿತ್ತು, ಇನ್ನೊಂದು ಪಕ್ಕದವರ ದಾರಕ್ಕೆ ತೊಡರಿತ್ತು. ಅಡ್ಡಕಡ್ಡಿ ಜಾರುವುದು ದೋಷವಲ್ಲ, ನೆಲಕ್ಕೆ ಬಡಿದಾಗ ಕಡ್ಡಿ ಮುರಿಯುವ ಬದಲು ಕಳಚಿಕೊಳ್ಳುವುದೇ ಒಳ್ಳೆಯದು. ಮತ್ತೆ ತೂರಿಸಿದರೆ ಆಯಿತು. ಐದು ನಿಮಿಷದಲ್ಲಿ ಇಪ್ಪತ್ತೂ ಮೇಲಿದ್ದವು.

ಎರಡನೇ ಸರದಿಗೆ ಮೋಡ ಕವಿದು ಗಾಳಿ ಜೋರಾಯಿತು. ಧೂಳು ಏಳತೊಡಗಿತು. ಎರಡು ಪಟ ಗೋತಾ ಹೊಡೆದು ಅಡ್ಡಕಡ್ಡಿ ನಿಜವಾಗಿಯೇ ಮುರಿದುಕೊಂಡವು. ಚೀಲದಲ್ಲಿ ಕಡ್ಡಿ ಇದ್ದವು, ಅಲ್ಲೇ ಬದಲಾಯಿಸಿ ಇನ್ನೊಂದು ಬಾಲ ಕಟ್ಟಿದೆ. ಒಂದು ಪಟ ಮಾತ್ರ ಹೋಯಿತು. ಪಟದ ತುದಿಯ ಗಂಟು ನಾನೇ ಹಾಕಿದ್ದು, ಬಿಚ್ಚಿಕೊಂಡಿತು. ಹಿನ್ನೀರಿನ ಕಡೆಗೆ ತೇಲುತ್ತಾ ಚಿಕ್ಕದಾಯಿತು. ಆ ಹುಡುಗನಿಗೆ ಚೀಲದಲ್ಲಿದ್ದ ಹೆಚ್ಚುವರಿ ಡೆಲ್ಟಾ ಕೊಡಹೋದರೆ ಅವನು ಮಾವನವರ ಕೈಯಲ್ಲಿದ್ದ ಮನೆಯ ಪಟ ನೋಡಿ, "ಅಜ್ಜಾ, ಅದನ್ನ ಕೊಡ್ತೀರೇನ್ರಿ?" ಎಂದ. ಮಾವನವರು ಒಂದು ಕ್ಷಣವೂ ಯೋಚಿಸಲಿಲ್ಲ.

ಹಿಂದಿನ ವರ್ಷದ ಹುಡುಗಿ ಈಗ ನಾಲ್ಕನೇ ಇಯತ್ತೆ. ಅವಳ ಪಟ ಮೊದಲ ಯತ್ನಕ್ಕೇ ಏರಿತು. ನಲವತ್ತು ಮೀಟರೂ ಬಿಟ್ಟಳು. ಆಮೇಲೆ ನೆಲಕ್ಕೆ ಕೂತು, ಪೈಪನ್ನು ಎರಡೂ ಮೊಣಕಾಲಿನ ನಡುವೆ ಒತ್ತಿ ಹಿಡಿದು, ಬಿಡುವಾದ ಕೈಯಿಂದ ದಾರ ಮೆಲ್ಲಗೆ ಮೀಟಿ ಮೀಟಿ ನೋಡಿದಳು. ಪ್ರತಿ ಸಲ ಮೀಟಿದಾಗಲೂ ಮೇಲೆ ಪಟ ತಲೆ ಅಲ್ಲಾಡಿಸುತ್ತಿತ್ತು.

ಆಮೇಲೆ

ಮರುವಾರ "ಶಾಲ್ಯಾಗ ಕೊಟ್ಟಿದ್ರೆಲಾ, ಅಂಥಾದ್ದು ಕೊಡ್ರಿ" ಎಂದು ಕೇಳಿಕೊಂಡು ತಂದೆ ತಾಯಂದಿರು ಬರತೊಡಗಿದರು. ಇನ್ನೂ ಎರಡು ಬಂಡಲ್ ತರಿಸಿದೆ. ರೆಕ್ಕೆಯ ತುದಿ ಹರಿಯುವುದನ್ನು ಹೋಲ್‌ಸೇಲಿನವರಿಗೆ ಫೋಟೋ ಸಮೇತ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಬರುವ ತನಕ ಟೇಲರ್ ಅಕ್ಕ ಇದ್ದಾಳೆ. ಗಲ್ಲಾದ ಪಕ್ಕ ಅಡ್ಡಕಡ್ಡಿಯ ಡಬ್ಬಿ ಇಟ್ಟಿದ್ದೇನೆ, ಒಂದಕ್ಕೆ ಐದು ರೂಪಾಯಿ. ಬ್ರ್ಯಾಂಡಿನದೇ ಬೇಕೆಂದು ಕೇಳಿ ಬಂದವರಿಗೆ ಒಂದು ದಾರದ ಡೆಲ್ಟಾ ಇಲ್ಲವೇ ಎಡ್ಡಿ ತರಿಸಿಕೊಡುತ್ತೇನೆ, ಮುಂಗಡ ತೆಗೆದುಕೊಂಡು. ಸ್ಟಾಕ್ ಇಡುವುದಿಲ್ಲ. ಒಂದರಲ್ಲಿ ಸಿಕ್ಕಿಬೀಳುವ ರೊಕ್ಕದಲ್ಲಿ ಸಣ್ಣವು ಇಪ್ಪತ್ತಕ್ಕೂ ಹೆಚ್ಚು ಬರುತ್ತವೆ, ಸೀಸನ್ ಮುಗಿದರೆ ಮುಂದಿನ ಕಾರಹುಣ್ಣಿಮೆ ತನಕ ಕಾಯಬೇಕು.

ಆಷಾಢದಲ್ಲಿ ಒಂದು ಸಂಜೆ ಅದೇ ಹುಡುಗಿ ಅಂಗಡಿಗೆ ಬಂದಳು. ಕೈಯಲ್ಲಿ ಹತ್ತು ರೂಪಾಯಿ ನೋಟು. ಡೆಲ್ಟಾ ಹರಿಯಿತೇ ಎಂದು ಕೇಳಿದೆ.

"ಇಲ್ರಿ ಆಂಟಿ, ಛಲೋ ಐತ್ರಿ. ಅದು ತನ್ನಷ್ಟಕ್ಕ ತಾನ ನಿಂತಬಿಡ್ತೈತ್ರಿ." ಸ್ವಲ್ಪ ತಡೆದು, ಮೂಲೆಯಲ್ಲಿ ಹಿಂದಿನ ವರ್ಷದಿಂದ ಉಳಿದಿದ್ದ ಕಾಗದದ ಪತಂಗಗಳ ಕಡೆ ಬೆರಳು ಮಾಡಿದಳು. "ನನಗ ಅದು ಬೇಕ್ರಿ. ಸುತ್ತ ಹಾಕ್ತೈತೆಲಾ, ಅದು."

ಮಾವನವರು ಒಳಗಿನಿಂದ ಕೇಳಿಸಿಕೊಂಡರು. ಕನ್ನಡಕ ಹಾಕಿಕೊಂಡು ಬಂದು, ಪಟವನ್ನು ತೊಡೆಯ ಮೇಲೆ ಮಲಗಿಸಿ, ಸೂತ್ರಕ್ಕೆ ದಾರ ಅಳೆಯತೊಡಗಿದರು. "ಇಲ್ಲಿ ಕೂಡು. ಮೂಗು ಮ್ಯಾಲ ಬರೂ ತನಕ ದಾರಾ ಎಳೀಬಾರದು. ಏನಂದೆ?"

"ಮೂಗು ಮ್ಯಾಲ ಬರೂ ತನಕ" ಎಂದಳು ಅವಳು, ಅವರ ಬೆರಳುಗಳನ್ನೇ ನೋಡುತ್ತಾ.